ಅಡಿಗೆರೆ ಹಾಕಿದ ಜಾಗ

ಗದಗಿನ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಮೈಕಿನ ಮುಂದೆ ಕೂತು, ಯಾವ ಊರಿನ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಹೇಳುತ್ತಿದ್ದವಳು ಇಂದುಮತಿ ಪತ್ತಾರ. ಐವತ್ತಮೂರನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಅವಳ ಮೆದುಳಿನ ಬುಡದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ಆದರೆ ಕಣ್ಣು, ರೆಪ್ಪೆಗಳ ಹೊರತು ಮೈಯ ಯಾವ ಭಾಗವೂ ಅವಳ ಮಾತು ಕೇಳುತ್ತಿರಲಿಲ್ಲ.

ಗಂಡ ಮೌನೇಶ ಬೆಳ್ಳಿ ಕೆಲಸದವನು. ಬೆಟಗೇರಿಯ ಮನೆಯ ಮುಂದಿನ ಕೋಣೆಯಲ್ಲೇ ಕೂತು ಕಾಲುಂಗುರ, ಗೆಜ್ಜೆ, ಲಿಂಗದ ಕರಡಿಗೆ ಮಾಡುತ್ತಿದ್ದ. ಮಕ್ಕಳಿರಲಿಲ್ಲ. ಇಂದುಮತಿಯ ತಂಗಿ ಕಸ್ತೂರಿ ಗಂಡನನ್ನು ಕಳೆದುಕೊಂಡು ಕೊಪ್ಪಳದಲ್ಲಿ ಒಬ್ಬಳೇ ಹೊಲಿಗೆ ಅಂಗಡಿ ನಡೆಸುತ್ತಿದ್ದವಳು. ಸುದ್ದಿ ಕೇಳಿದ ದಿನವೇ ಅಂಗಡಿಗೆ ಬೀಗ ಹಾಕಿ ಬಂದಳು. ‘ಅಕ್ಕಗ ಆರಾಮ ಆಗೂತನಾ ನಾ ಇಲ್ಲೇ ಇರ್ತೀನ್ರಿ ಮಾವಾ’ ಎಂದಳು. ಆರಾಮ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಕಸ್ತೂರಿ ಅಕ್ಕನಿಗೆ ಸ್ನಾನ ಮಾಡಿಸಿದಳು, ಮೂಗಿನ ನಳಿಕೆಯಲ್ಲಿ ಗಂಜಿ ಇಳಿಸಿದಳು, ಬೆನ್ನು ಹುಣ್ಣಾಗದಂತೆ ಎರಡೆರಡು ತಾಸಿಗೆ ಮಗ್ಗಲು ಬದಲಿಸಿದಳು. ಅಕ್ಷರಗಳ ಹಲಗೆ ಹಿಡಿದು, ಅಕ್ಕ ರೆಪ್ಪೆ ಬಡಿದ ಅಕ್ಷರ ಗುರುತು ಹಾಕುತ್ತ ಒಂದೊಂದು ಪದಕ್ಕೆ ಕಾಲು ತಾಸು ಕಾಯುತ್ತಿದ್ದಳು.

ಎಂಟು ತಿಂಗಳ ಮೇಲೆ ಧಾರವಾಡದ ಒಂದು ಆಸ್ಪತ್ರೆಯವರು ಇಂದುಮತಿಗೆ ‘ಒಳನುಡಿ’ ಅಳವಡಿಸಿದರು. ಅಂಚೆ ಚೀಟಿಯಷ್ಟು ಅಗಲದ ತೆಳ್ಳನೆಯ ಹಾಳೆಯೊಂದನ್ನು ಮೆದುಳಿನ ಮೇಲೆ, ತುಟಿ ನಾಲಿಗೆಗಳಿಗೆ ಆಜ್ಞೆ ಹೊರಡುವ ಜಾಗದಲ್ಲಿ ಇಡುತ್ತಾರೆ. ನಾಲಿಗೆ ಸತ್ತಿದ್ದರೂ ಆಜ್ಞೆ ಹೊರಡುವುದು ನಿಂತಿರುವುದಿಲ್ಲ. ಆ ಹಾಳೆ ಅದನ್ನು ಹಿಡಿದು ದಿಂಬಿನ ಪಕ್ಕದ ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆ ಅದನ್ನು ಪದ ಮಾಡಿ ಸ್ಪೀಕರಿನಲ್ಲಿ ಹೇಳುತ್ತದೆ. ಬಸ್ ನಿಲ್ದಾಣದಲ್ಲಿ ಉಳಿದಿದ್ದ ಹಳೆಯ ಧ್ವನಿಮುದ್ರಣಗಳಿಂದ ಇಂದುಮತಿಯದೇ ದನಿಯನ್ನು ಕಟ್ಟಿಕೊಟ್ಟಿದ್ದರು.

ಮೊದಲ ತಿಂಗಳುಗಳಲ್ಲಿ ಒಳನುಡಿ ತಡವರಿಸುತ್ತಿತ್ತು. ಇಂದುಮತಿ ಬಲವಾಗಿ ನೆನೆದರೆ ಮಾತ್ರ ‘ನೀರ’, ‘ಕಾಲ’, ‘ಫ್ಯಾನ್ ಬಂದ್’ ಎಂಬಷ್ಟು ಬರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಪದ ಹಿಡಿಯುವ ಹೊಸ ಭಾಗವೊಂದನ್ನು ದೂರದಿಂದಲೇ ಪೆಟ್ಟಿಗೆಗೆ ಇಳಿಸಿದರು. ಅಂದಿನಿಂದ ಇಂದುಮತಿ ಮಾತಾಡಿದಳು. ಪೂರ್ತಿ ವಾಕ್ಯಗಳು. ಮೌನೇಶ ಮುಂದಿನ ಕೋಣೆಯಲ್ಲಿ ಕೂತಲ್ಲಿಂದಲೇ ಕೂಗಿ ಮಾತಾಡಿಸುತ್ತಿದ್ದ, ಅವಳು ಒಳಗಿನಿಂದ ಉತ್ತರ ಕೊಡುತ್ತಿದ್ದಳು. ‘ಮಾವಾ, ನಿಮ್ಮ ಮನಿ ಮತ್ತ ಮನಿ ಆತು ನೋಡ್ರಿ’ ಎಂದಿದ್ದಳು ಕಸ್ತೂರಿ.

ಆದರೆ ಆ ಮಾತುಗಳ ನಡುವೆ ಒಂದೊಂದು ಬೇರೆ ಮಾತು ಬರತೊಡಗಿತು. ನೋಡಲು ಬಂದ ನೆರೆಮನೆಯ ಹೆಂಗಸು ಕೂತಿದ್ದಾಗಲೇ ‘ಇನ್ನೂ ಯಾಕ ಕುಂತಾಳ’ ಎಂದಿತು ಪೆಟ್ಟಿಗೆ. ಮೌನೇಶ ಮುಖ ಒರೆಸುತ್ತಿದ್ದಾಗ ‘ಕೈ ವಾಸನಿ’ ಎಂದಿತು. ಮಲಗಿದಲ್ಲೇ ಇದ್ದು ಸಿಟ್ಟು ಹೆಚ್ಚಾಗಿದೆ ಎಂದುಕೊಂಡು ಇಬ್ಬರೂ ಸಹಿಸಿದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಸ್ತೂರಿ ಚಹಾ ಮಾಡಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೌನೇಶ ಚಹಾ ಕುಡಿಯುತ್ತ, ಗಿರಾಕಿಯೊಬ್ಬ ತನ್ನ ಹೆಂಡತಿಯ ಕಾಲುಂಗುರ ಅಳತೆಗೆಂದು ತನ್ನದೇ ಕಾಲು ತೋರಿಸಿದ ಕತೆ ಹೇಳಿದ. ಕಸ್ತೂರಿ ನಕ್ಕಳು. ವರ್ಷದ ಮೇಲೆ ಆ ಮನೆಯಲ್ಲಿ ಅಂಥ ನಗು ಎದ್ದಿತ್ತು. ಆ ನಗುವಿನ ಮೇಲೆ ಒಳಗಿನಿಂದ ಇಂದುಮತಿಯ ದನಿ, ಬಸ್ ನಿಲ್ದಾಣದ ಆ ಸ್ಪಷ್ಟ ದನಿ, ಕೇಳಿಸಿತು:

‘ನಾ ಸತ್ತ ಮ್ಯಾಲ ಇವರಿಬ್ರೂ ಲಗ್ನ ಆಗ್ತಾರೇನೋ.’

ಕಸ್ತೂರಿ ಲೋಟ ಕೆಳಗಿಟ್ಟು ಒಳಗೆ ಹೋದಳು. ಅವಳ ಹಿಂದೆ ಮೌನೇಶ. ಹಾಸಿಗೆಯಲ್ಲಿ ಇಂದುಮತಿಯ ಕಣ್ಣುಗಳು ಅಗಲವಾಗಿದ್ದವು.

‘ಅಕ್ಕಾ, ಏನಂದಿ?’

ಪೆಟ್ಟಿಗೆ ಹೇಳಿತು: ‘ಅಂದಿಲ್ಲ. ನಾ ಅಂದಿಲ್ಲ. ಹೋಗಬ್ಯಾಡ. ಹೋಗ್ಲಿ. ಹೋಗಬ್ಯಾಡ. ಹೋದ್ರ ಛಲೋ. ಹೋಗಬ್ಯಾಡ.’

ಕಸ್ತೂರಿಯ ಕಿವಿಯಲ್ಲಿ ಉಳಿದದ್ದು ಲಗ್ನದ ಆ ಒಂದೇ ಮಾತು. ಮರುದಿನ ಅಕ್ಕನಿಗೆ ಸ್ನಾನ ಮಾಡಿಸಿ, ಜಡೆ ಹೆಣೆದು, ಒಗೆದ ಬಟ್ಟೆ ಮಡಿಸಿಟ್ಟು, ಬ್ಯಾಗು ತೆಗೆದುಕೊಂಡು ಕೊಪ್ಪಳಕ್ಕೆ ಹೊರಟುಹೋದಳು. ಮೌನೇಶ ತಡೆಯಲಿಲ್ಲ. ತಡೆದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತದೆ ಎಂದು ಹೆದರಿದ್ದ. ಹಗಲು ನೋಡಿಕೊಳ್ಳಲು ಒಬ್ಬ ನರ್ಸಮ್ಮನನ್ನು ಗೊತ್ತುಮಾಡಿದ.

ಇಂದುಮತಿಗೆ ಆಮೇಲೆ ತನ್ನ ಮನಸ್ಸೇ ಶತ್ರುವಾಯಿತು. ಬಂದುಹೋಗುವ ನೂರು ಯೋಚನೆಗಳಲ್ಲಿ ಯಾವುದನ್ನು ಪೆಟ್ಟಿಗೆ ಎತ್ತಿಕೊಳ್ಳುತ್ತದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಯೋಚಿಸಬಾರದು ಎಂದುಕೊಂಡಷ್ಟೂ ಅದೇ ಬರುತ್ತಿತ್ತು. ಪೆಟ್ಟಿಗೆ ಬೇಡ ಎಂದು ಹೇಳಲು ಹೋದರೆ ಬೇಕೆಂಬ ಆಸೆಯೂ ಅದರ ಹಿಂದೆಯೇ ಹೊರಗೆ ಬರುತ್ತಿತ್ತು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಇಪ್ಪತ್ತೆರಡು ವರ್ಷ ಹೇಳಿ ಹೇಳಿ ರಕ್ತದಲ್ಲಿ ಇಳಿದುಹೋದ ಮಾತುಗಳಿದ್ದವು. ಮನಸ್ಸಿನ ತುಂಬ ಅವನ್ನೇ ಸುರಿದುಕೊಂಡರೆ ಬೇರೆಯದಕ್ಕೆ ಜಾಗವೇ ಇರುವುದಿಲ್ಲ.

ಕೋಣೆಗೆ ಯಾರಾದರೂ ಕಾಲಿಟ್ಟೊಡನೆ ಪೆಟ್ಟಿಗೆ ಶುರುಮಾಡುತ್ತಿತ್ತು. ‘ಪ್ರಯಾಣಿಕರ ಗಮನಕ್ಕೆ. ಲಕ್ಕುಂಡಿ, ಕೊಪ್ಪಳ ಮಾರ್ಗವಾಗಿ ಹೊಸಪೇಟೆಗೆ ಹೋಗುವ ಬಸ್ಸು ಮೂರನೆಯ ಅಂಕಣದಲ್ಲಿ ನಿಂತಿದೆ. ರೋಣ ಮಾರ್ಗವಾಗಿ ಗಜೇಂದ್ರಗಡಕ್ಕೆ ಹೋಗುವ ಬಸ್ಸು ಐದನೆಯ ಅಂಕಣದಲ್ಲಿ...’ ದಿನಕ್ಕೆ ಆರು ತಾಸು, ಏಳು ತಾಸು. ನರ್ಸಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಳು. ಮೌನೇಶ ಮೊದಮೊದಲು ಪಕ್ಕದಲ್ಲಿ ಕೂತು ‘ಇಂದೂ, ನಾ ಬಂದೀನಿ ನೋಡು’ ಎನ್ನುತ್ತಿದ್ದ. ಉತ್ತರವಾಗಿ ಮುಳಗುಂದದ ಬಸ್ಸು ಬರುತ್ತಿತ್ತು. ಒಂದು ದಿನ ಅವನು ಸ್ಪೀಕರಿನ ದನಿಯನ್ನು ತೀರಾ ಕಡಿಮೆ ಮಾಡಿ ಹೊರಗೆ ಬಂದ. ಆಮೇಲೆ ಒಳಗೆ ಹೋಗುವುದೂ ಕಡಿಮೆಯಾಯಿತು. ಮೇ ತಿಂಗಳಲ್ಲಿ, ಮಾರ್ಚಿನ ಆ ಮಾತನ್ನೂ ಈ ಬಸ್ಸುಗಳ ಕೂಗನ್ನೂ ತಿಳಿಸಿ ಧಾರವಾಡಕ್ಕೆ ಅರ್ಜಿ ಬರೆದ: ನನ್ನ ಹೆಂಡತಿಯ ತಲೆಯಲ್ಲಿರುವ ಯಂತ್ರವನ್ನು ತೆಗೆದುಬಿಡಬೇಕು.

ಆ ಅರ್ಜಿ ಪ್ರಯೋಗಾಲಯದ ಮೇಜಿನ ಮೇಲಿತ್ತು. ಯೋಜನೆಯ ಮುಖ್ಯಸ್ಥ, ನರರೋಗ ತಜ್ಞ ಡಾಕ್ಟರ್ ರಿಯಾಜ್ ಇನಾಮದಾರರು ಅದನ್ನು ಎರಡು ಸಲ ಓದಿದರು. ಎದುರಿಗೆ ಒಳನುಡಿಯ ಪ್ರೋಗ್ರಾಮ್ ಬರೆದ ಅನಸೂಯಾ ಕೊಟಬಾಗಿ ಕೂತಿದ್ದಳು.

‘ಪಾರ್ಶ್ವವಾಯು ಆದವರೊಳಗ ಕೆಲವೊಬ್ಬರಿಗೆ ಮುಂದ ಮರೆವಿನ ರೋಗ ಶುರು ಆಗತದ’ ಎಂದರು ಡಾಕ್ಟರು. ‘ಹಳೇ ಮಾತು ತಿರುಗಿ ತಿರುಗಿ ಹೇಳೋದು ಅದರದ್ದ ಲಕ್ಷಣ. ತೆಗೀಲಿಕ್ಕೆ ಆಪರೇಶನ್ ಮಾಡಬೇಕು, ಅದರಾಗೂ ಅಪಾಯ ಅದ. ಆದರ ಮನಿಯವರು ಬ್ಯಾಡ ಅಂದ ಮ್ಯಾಲ...’

‘ಒಂದ ಸಲ ಹೋಗಿ ನೋಡಿ ಬರ್ತೀನಿ ಸರ್’ ಎಂದಳು ಅನಸೂಯಾ. ‘ಯಂತ್ರದ್ದ ತಪ್ಪಿದ್ದರ?’

ಬೆಟಗೇರಿಯ ಆ ಮನೆಗೆ ಅವಳು ಬಂದಾಗ ಮೌನೇಶ ಕುಲುಮೆಯ ಮುಂದೆ ಕೂತಿದ್ದ. ‘ನೀವ ನೋಡ್ರಿ ಬೇಕಾದ್ರ. ನನಗ ಆ ದನಿ ಕೇಳಾಕ ಆಗಂಗಿಲ್ಲ’ ಎಂದ.

ಅನಸೂಯಾ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೊಸ್ತಿಲು ದಾಟಿದೊಡನೆ ಪೆಟ್ಟಿಗೆ ಸಣ್ಣ ದನಿಯಲ್ಲಿ ಮುಂಡರಗಿಯ ಬಸ್ಸನ್ನು ಕರೆಯಿತು. ಅವಳು ಹೊರಗೆ ಬಂದು ಹತ್ತು ನಿಮಿಷ ನಿಂತಳು. ಒಳಗೆ ಮೌನ. ಮತ್ತೆ ಹೆಜ್ಜೆ ಇಟ್ಟಳು. ಮತ್ತೆ ಬಸ್ಸು. ಮರೆವಿನ ರೋಗಕ್ಕೆ ಹೆಜ್ಜೆ ಸಪ್ಪಳದ ಲೆಕ್ಕ ಇರುವುದಿಲ್ಲ ಎಂದು ಅವಳಿಗೆ ಅನಿಸಿತು.

ಅವಳು ಮಂಚದ ಪಕ್ಕ ಕೂತು ಸ್ಪೀಕರಿನ ವೈರನ್ನು ಕಿತ್ತು, ಇಂದುಮತಿಗೆ ಕಾಣುವಂತೆ ಹಿಡಿದಳು.

‘ಈಗ ಏನೂ ಕೇಳಸಂಗಿಲ್ಲರಿ. ನಾ ಪೆಟಿಗಿ ಮ್ಯಾಲಿನ ಪರದೇನೂ ನೋಡಂಗಿಲ್ಲ. ಬರೇ ನಿಮ್ಮ ಕಣ್ಣ ನೋಡ್ತೀನಿ. ಹೌದಂದ್ರ ಒಂದ ಸಲ ಮುಚ್ರಿ, ಅಲ್ಲಂದ್ರ ಎರಡ ಸಲ. ತಿಳೀತೇನ್ರಿ?’

ಇಂದುಮತಿ ಒಂದು ಸಲ ಕಣ್ಣು ಮುಚ್ಚಿ ತೆರೆದಳು.

‘ಈ ಬಸ್ಸಿನ ಮಾತೆಲ್ಲಾ ತಾನಾಗೇ ಬರತಾವೇನ್ರಿ?’

ಎರಡು ಸಲ.

‘ನೀವ ಬೇಕಂತ ಹೇಳೋದ?’

ಒಂದು ಸಲ.

ಇಂದುಮತಿಯ ಕಣ್ಣು ಅವಳ ಮುಖದಿಂದ ಸರಿದು ಪೆಟ್ಟಿಗೆಯ ಮೇಲೆ ನಿಂತಿತು, ಮತ್ತೆ ಅವಳ ಕಡೆಗೆ ಬಂತು, ಮತ್ತೆ ಪೆಟ್ಟಿಗೆಯ ಕಡೆಗೆ ಹೋಯಿತು. ಹೆದರಿದವರು ಬಾಗಿಲ ಕಡೆ ನೋಡುವ ಹಾಗೆ.

‘ಬ್ಯಾರೆ ಮಾತು ಹೊರಗ ಬರಬಾರದು ಅಂತ, ಇದನ್ನ ಹೇಳ್ತೀರೇನ್ರಿ?’ ಎಂದು ನಿಧಾನವಾಗಿ ಕೇಳಿದಳು. ‘ಮನಸಿನಾಗ ಬಂದದ್ದೆಲ್ಲಾ ಹೊರಗ ಬರಾಕತ್ತದೇನ್ರಿ?’

ಇಂದುಮತಿ ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ. ಎರಡೂ ಕಡೆಯಿಂದ ನೀರು ಇಳಿದು ದಿಂಬಿಗೆ ಸೇರಿತು.

ಧಾರವಾಡಕ್ಕೆ ವಾಪಸಾಗುವ ಬಸ್ಸಿನಲ್ಲಿಯೇ ಅನಸೂಯಾಳಿಗೆ ಪ್ರೋಗ್ರಾಮಿನ ಒಂದು ಸಾಲು ನೆನಪಾಗಿತ್ತು. ಆದರೂ ಪ್ರಯೋಗಾಲಯಕ್ಕೆ ಹೋಗಿ ಕಡತ ತೆರೆದು ಕಣ್ಣಾರೆ ನೋಡಿದಳು. ಕನ್ನಡದಲ್ಲಿ ಬರೆಯುವುದಾದರೆ ಅದು ಇಷ್ಟೇ:

ಪದ, _ = ಓದು(ಸಂಕೇತ)

ಮೆದುಳಿನ ಸಂಕೇತವನ್ನು ಓದುವ ಭಾಗ ಪ್ರತಿ ಸಲವೂ ಎರಡು ಉತ್ತರ ಕೊಡುತ್ತದೆ. ಒಂದು, ಪದ. ಇನ್ನೊಂದು, ಆ ಪದವನ್ನು ಹೊರಗೆ ಹೇಳಬೇಕೆಂಬ ಮನಸ್ಸು ಎಷ್ಟಿತ್ತು ಎಂಬುದು, ಸೊನ್ನೆಯಿಂದ ನೂರರವರೆಗಿನ ಒಂದು ಸಂಖ್ಯೆ. ನಾವು ಮಾತಾಡುವಾಗಲೂ, ಮಾತಾಡದೆ ಒಳಗೊಳಗೇ ಅಂದುಕೊಳ್ಳುವಾಗಲೂ ನಾಲಿಗೆಯ ಜಾಗದಲ್ಲಿ ಅಲೆ ಏಳುತ್ತದೆ. ಎರಡನ್ನೂ ಬೇರೆ ಮಾಡುವುದು ಆ ಸಂಖ್ಯೆ.

ಪ್ರೋಗ್ರಾಮಿನ ಭಾಷೆಯಲ್ಲಿ ಹೀಗೆ ಎರಡು ಉತ್ತರ ಬಂದು ಒಂದೇ ಸಾಕೆನಿಸಿದಾಗ, ಬೇಡದ್ದಕ್ಕೆ ಹೆಸರಿಡುವುದಿಲ್ಲ. ಆ ಜಾಗದಲ್ಲಿ ‘_’ ಎಂದು ಒಂದು ಅಡಿಗೆರೆ ಎಳೆಯುತ್ತಾರೆ. ಹೆಸರಿಟ್ಟು ಬಳಸದೆ ಬಿಟ್ಟರೆ, ಪ್ರೋಗ್ರಾಮನ್ನು ಪರೀಕ್ಷಿಸುವ ಕಂಪೈಲರ್ ಪ್ರತಿ ಸಲವೂ ಎಚ್ಚರಿಸುತ್ತದೆ: ಇದನ್ನು ತೆಗೆದುಕೊಂಡಿದ್ದೀರಿ, ಬಳಸಿಲ್ಲ. ಅಡಿಗೆರೆ ಎಳೆದರೆ ಅದು ಸುಮ್ಮನಾಗುತ್ತದೆ. ಮರೆತು ಬಿಟ್ಟದ್ದಲ್ಲ, ತಿಳಿದೇ ಬಿಟ್ಟದ್ದು ಎಂದು ಬರೆದವರು ಕೊಟ್ಟ ಮಾತು ಅದು.

ಮಾತು ಕೊಟ್ಟವಳು ಅನಸೂಯಾಳೇ. ಸಾಲಿನ ಪಕ್ಕದಲ್ಲಿ ಅವಳ ಹೆಸರು, ಎರಡು ವರ್ಷದ ಹಿಂದಿನ ತಾರೀಕು, ಮತ್ತು ಒಂದು ಟಿಪ್ಪಣಿ ಇತ್ತು: ‘ಸದ್ಯಕ್ಕೆ ಬೇಡ.’

ಆ ‘ಸದ್ಯ’ ಅವಳಿಗೆ ಚೆನ್ನಾಗಿ ನೆನಪಿತ್ತು. ಒಳನುಡಿಯನ್ನು ಮೊದಲು ಹಾಕಿಸಿಕೊಂಡವನು ಬೈಲಹೊಂಗಲದ ಅಡಿವೆಪ್ಪ ಮುಗಳಿ, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಆಗ ಆ ಎರಡನೆಯ ಸಂಖ್ಯೆ ನಂಬುವಂಥದ್ದಾಗಿರಲಿಲ್ಲ. ಅಡಿವೆಪ್ಪ ನೀರು ನೀರು ಎಂದು ಜೀವ ಒತ್ತೆಯಿಟ್ಟು ನೆನೆಯುತ್ತಿದ್ದರೂ ಅದು ಹತ್ತು, ಹನ್ನೆರಡು ಎಂದು ತೋರಿಸುತ್ತಿತ್ತು. ಸಂಖ್ಯೆ ಕಡಿಮೆಯೆಂದು ಯಂತ್ರ ಮೂಕವಾಗಿ ಕೂತಿತ್ತು. ಹೆಂಡತಿ ಗೌರವ್ವ ಅನಸೂಯಾಳ ಕೈ ಹಿಡಿದು ‘ಏನರ ಮಾಡ ತಂಗಿ’ ಎಂದಿದ್ದಳು. ಅಂದು ಅನಸೂಯಾ ಆ ಸಂಖ್ಯೆಯ ಹೆಸರನ್ನು ಅಳಿಸಿ ಅಡಿಗೆರೆ ಎಳೆದಳು. ಮರುಗಳಿಗೆ ಅಡಿವೆಪ್ಪನ ಪೆಟ್ಟಿಗೆ ‘ನೀರ’ ಎಂದಿತು. ಕೋಣೆಯಲ್ಲಿದ್ದವರೆಲ್ಲ ಅತ್ತರು.

ಅಂದು ಆ ಗೆರೆ ಸರಿಯಾಗಿತ್ತು. ಸಂಕ್ರಾಂತಿಗೆ ಹೊಸ ಓದುವ ಭಾಗ ಬಂದಾಗ ಎರಡು ಸಂಗತಿ ಒಟ್ಟಿಗೆ ನಡೆದಿದ್ದವು. ಹಳೆಯದು ಬಲವಾದ ಅಲೆಗಳನ್ನು ಮಾತ್ರ ಹಿಡಿಯುತ್ತಿತ್ತು, ಹೊಸದು ಮನಸ್ಸಿನೊಳಗಿನ ಪಿಸುಮಾತನ್ನೂ ಹಿಡಿಯತೊಡಗಿತು. ಜೊತೆಗೆ ಆ ಎರಡನೆಯ ಸಂಖ್ಯೆಯೂ ಈಗ ನಿಖರವಾಗಿತ್ತು. ಐದು ತಿಂಗಳಿಂದ ಅದು ಪ್ರತಿ ಪದದೊಂದಿಗೂ ಸರಿಯಾದ ಉತ್ತರ ತಂದುಕೊಡುತ್ತಿತ್ತು. ತೆಗೆದುಕೊಳ್ಳುವವರು ಇರಲಿಲ್ಲ. ನೂರಾರು ಎಚ್ಚರಿಕೆಗಳನ್ನು ಕೊಡುವ ಕಂಪೈಲರ್, ಆ ಒಂದು ಜಾಗದಲ್ಲಿ ಅವಳು ಹೇಳಿದ ಹಾಗೆಯೇ ಸುಮ್ಮನಿತ್ತು.

ಪ್ರತಿ ಪೆಟ್ಟಿಗೆಯ ಹಿಂದಿನ ತೊಂಬತ್ತು ದಿನಗಳ ಸಂಕೇತಗಳು ಪ್ರಯೋಗಾಲಯದಲ್ಲಿ ಉಳಿದಿರುತ್ತಿದ್ದವು. ಅನಸೂಯಾ ಇಂದುಮತಿಯ ಕಡತ ತೆರೆದಳು. ನಾಲ್ಕೈದು ಸಾಲು ಓದುತ್ತಿದ್ದಂತೆ ಅವಳ ಕೈ ನಿಂತಿತು. ಒಬ್ಬ ಹೆಂಗಸಿನ ಮನಸ್ಸು ಅಲ್ಲಿ ಸಾಲುಸಾಲಾಗಿ ಬಿದ್ದಿತ್ತು. ಪರದೆಯಿಂದ ಅಕ್ಷರಗಳನ್ನು ಮರೆಮಾಡಿ, ಸಂಖ್ಯೆಗಳನ್ನು ಮಾತ್ರ ಉಳಿಸಿದಳು. ಮೌನೇಶನ ಅರ್ಜಿಯಲ್ಲಿದ್ದ ಆ ಒಂದು ವಾಕ್ಯವನ್ನೂ, ನೂರಕ್ಕೆ ತೊಂಬತ್ತು ದಾಟಿದ ಮಾತುಗಳನ್ನೂ ಮಾತ್ರ ಹುಡುಕಿದಳು.

‘ನಾ ಸತ್ತ ಮ್ಯಾಲ’ ಎಂಬ ಮಾತಿನ ಪಕ್ಕದಲ್ಲಿದ್ದ ಸಂಖ್ಯೆ ಮೂರು.

ಬಸ್ಸುಗಳದ್ದೆಲ್ಲ ತೊಂಬತ್ತರ ಮೇಲೆ. ಆ ಬಸ್ಸುಗಳ ನಡುನಡುವೆ, ತೊಂಬತ್ತೇಳು, ತೊಂಬತ್ತೆಂಟು ಎಂದು ತೋರಿಸುತ್ತ, ಎರಡೇ ಪದಗಳ ಒಂದು ಮಾತು ಹದಿನಾಲ್ಕು ಸಲ ಬಂದಿತ್ತು: ‘ಕಸ್ತೂರಿ ಎಲ್ಲಿ?’ ಅಷ್ಟರಲ್ಲಿ ಸ್ಪೀಕರಿನ ದನಿ ಇಳಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಎಲ್ಲವನ್ನೂ ಡಾಕ್ಟರ್ ಇನಾಮದಾರರ ಮುಂದಿಟ್ಟಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

‘ಸರಿ ಮಾಡಲಿಕ್ಕೆ ಎಷ್ಟ ಹೊತ್ತು ಬೇಕು?’

‘ಸಾಲು ಬದಲಿ ಮಾಡಲಿಕ್ಕೆ ಒಂದು ನಿಮಿಷ ಸರ್. ಪರೀಕ್ಷೆ ಮಾಡಲಿಕ್ಕೆ ಎರಡು ದಿವಸ.’

‘ಹಂಗಾದ್ರ ಸುಮ್ಮನ ಅಪ್‌ಡೇಟ್ ಕಳಿಸಿಬಿಡೂಣು. ಹನ್ನೊಂದು ಮನಿಗೆ ಈ ಯಂತ್ರ ಹೋಗೇದ. ಎಲ್ಲಾರಿಗೂ ಹೇಳಿದ್ರ ಗಾಬರಿ ಆಗ್ತಾರ. ನಾಳೆ ಯಾರೂ ಇದನ್ನ ಹಾಕಿಸಿಕೊಳ್ಳಲಿಕ್ಕೆ ಮುಂದ ಬರಂಗಿಲ್ಲ.’

‘ಯಂತ್ರ ಸರಿ ಆಗತದ ಸರ್. ಮನೆಗಳು?’ ಎಂದಳು ಅನಸೂಯಾ. ‘ಆಕಿ ತಂಗಿ ಇನ್ನೂ ಕೊಪ್ಪಳದಾಗ ಇದ್ದಾಳ. ಅಕ್ಕ ತನ್ನ ಮಾರಿ ಮ್ಯಾಲೆ ಅಂದ್ಳು ಅಂತ ತಿಳಕೊಂಡ ಇದ್ದಾಳ.’

‘ನಿಮ್ಮ ಹೆಸರು ಬರತದ.’

‘ಬರಲಿ ಸರ್. ಸಾಲಿನ ಪಕ್ಕ ಈಗಾಗಲೇ ಅದ.’

ಇನಾಮದಾರರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು, ‘ಹನ್ನೊಂದು ಮನಿಗೂ ಪತ್ರ ಬರಿಯೋಣು. ಕೆಳಗ ಇಬ್ಬರದ್ದೂ ಸಹಿ ಇರಲಿ. ಆ ಹೊಸ ಭಾಗಕ್ಕ ಒಪ್ಪಿಗಿ ಕೊಟ್ಟಾಂವಾ ನಾನ’ ಎಂದರು.

ಅಡಿಗೆರೆ ಇದ್ದ ಜಾಗದಲ್ಲಿ ಅನಸೂಯಾ ‘ಇಚ್ಛೆ’ ಎಂದು ಬರೆದಳು. ಅರವತ್ತಕ್ಕಿಂತ ಕಡಿಮೆ ಇಚ್ಛೆಯ ಮಾತನ್ನು ಹೇಳಬಾರದು, ಉಳಿಸಿಕೊಳ್ಳಲೂ ಬಾರದು ಎಂದು ಅದರ ಕೆಳಗೆ ಎರಡು ಸಾಲು ಸೇರಿಸಿದಳು. ಪರೀಕ್ಷೆ ಮುಗಿಸಿ ಬೆಟಗೇರಿಗೆ ತಾನೇ ಹೋದಳು. ಮೌನೇಶನಿಗೆ ಮುಂದಿನ ಕೋಣೆಯಲ್ಲಿಯೇ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದು ಎಂದೂ ಹೇಳಿದಳು. ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ.

‘ಆಕಿ ನನ್ನ ಜೋಡಿ ಮಾತಾಡಬಾರದಂತ ಬಸ್ ಕೂಗತಿದ್ಲು ಅಂತ ತಿಳದಿದ್ದೆ’ ಎಂದ. ‘ನನಗ ನೋವ ಆಗಬಾರದಂತ ಕೂಗತಿದ್ಲೇನ್ರಿ?’

ಅವನು ಒಳಗೆ ಹೋಗಿ ಮಂಚದ ಮೇಲೆ ಕೂತು ಸ್ಪೀಕರಿನ ದನಿ ಏರಿಸಿದ. ಪೆಟ್ಟಿಗೆಯಲ್ಲಿ ಸಣ್ಣ ಹಸಿರು ದೀಪ ಮಿಣುಕುತ್ತಿತ್ತು, ಅಂದರೆ ಪದಗಳು ಬರುತ್ತಿದ್ದವು. ಆದರೆ ದನಿ ಇರಲಿಲ್ಲ. ಇಂದುಮತಿಗೆ ಮೊದಲು ನಂಬಿಕೆ ಬರಲಿಲ್ಲ. ಅವಳ ಕಣ್ಣು ಪೆಟ್ಟಿಗೆಯ ಮೇಲೆಯೇ ನೆಟ್ಟಿತ್ತು. ಏನನ್ನೋ ನೆನೆದು ನೋಡುತ್ತಿದ್ದಳು, ಬೇಕಂತಲೇ ಕೆಟ್ಟದ್ದನ್ನೇ ನೆನೆಯುತ್ತಿದ್ದಳೋ ಏನೋ. ಪೆಟ್ಟಿಗೆ ಬಾಯಿ ಬಿಡಲಿಲ್ಲ. ಬಿಗಿದಿದ್ದ ಅವಳ ರೆಪ್ಪೆಗಳು ಸಡಿಲಾದವು. ಎಷ್ಟೋ ಹೊತ್ತಿನ ಮೇಲೆ ಆ ದನಿ ಕೇಳಿಸಿತು: ‘ಹಳೇದೆಲ್ಲಾ ಅಳಿಸಿಬಿಡ್ರಿ.’

ಅನಸೂಯಾ ಅವಳ ಕಣ್ಣ ಮುಂದೆಯೇ ಆ ತೊಂಬತ್ತು ದಿನಗಳನ್ನು ಅಳಿಸಿದಳು.

ಕೊಪ್ಪಳದಲ್ಲಿ ಕೆಲಸ ಅಷ್ಟು ಸುಲಭವಾಗಲಿಲ್ಲ. ಕಸ್ತೂರಿ ಹೊಲಿಗೆ ಯಂತ್ರದಿಂದ ಏಳದೆಯೇ ಎಲ್ಲವನ್ನೂ ಕೇಳಿಸಿಕೊಂಡಳು. ಜಂಪರಿನ ತೋಳಿಗೆ ಹೊಲಿಗೆ ಹಾಕುತ್ತಲೇ ಇದ್ದಳು.

‘ಅಂದ್ರ, ಅಕ್ಕಗ ಹೇಳಬೇಕಂತ ಇರಲಿಲ್ಲ.’

‘ಇರಲಿಲ್ಲರಿ. ನೂರಕ್ಕ ಮೂರು.’

‘ಆದರ ಅನಿಸಿದ್ದಂತೂ ಖರೆ ಅಲ್ಲ?’

ಸಂಖ್ಯೆ ಹೇಳುವುದು ಹೇಳುವ ಮನಸ್ಸಿನ ಅಳತೆಯನ್ನು ಮಾತ್ರ. ಅನಿಸಿಕೆ ಖರೆಯೋ ಸುಳ್ಳೋ, ಕ್ಷಣದ್ದೋ ಕಾಯಮ್ಮೋ, ಅದನ್ನು ಹೇಳುವ ಸಂಖ್ಯೆ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ. ಹಾಗೆಂದೇ ಹೇಳಿದಳು. ಆಮೇಲೆ, ‘ನೀವು ಇಲ್ಲಿಗೆ ಬಂದ ಮ್ಯಾಲೆ ಹದಿನಾಕ ಸಲ ನಿಮ್ಮನ್ನ ಕೇಳ್ಯಾರ’ ಎಂದಳು. ‘ಕಸ್ತೂರಿ ಎಲ್ಲಿ ಅಂತ. ಅದು ಮಾತ್ರ ಪೂರ್ತಿ ಮನಸಿಟ್ಟು ಹೇಳಿದ್ದು. ಯಾರೂ ಕೇಳಿಸಿಕೊಂಡಿಲ್ಲ.’

ಯಂತ್ರ ನಿಂತಿತು. ಕಸ್ತೂರಿ ಸೂಜಿಯ ಕೆಳಗೆ ಸಿಕ್ಕ ಬಟ್ಟೆಯನ್ನು ಬಿಡಿಸಿಕೊಳ್ಳಲು ನೋಡಿದಳು, ಬರಲಿಲ್ಲ, ಬಿಟ್ಟಳು.

‘ನಾ ಒಂದ ಮಾತ ಹೇಳ್ತೀನ್ರಿ’ ಎಂದಳು, ಅನಸೂಯಾಳ ಕಡೆ ನೋಡದೆ. ‘ಚಳಿಗಾಲದಾಗ ಒಂದಿನ ಅಕ್ಕಗ ನೀರ ಹಾಕಾಕತ್ತಿದ್ದೆ. ನಡಾ ಹಿಡಕೊಂಡಿತ್ತು. ಆಗ ನನಗೂ ಬಂದಿತ್ತು ಮನಸಿನಾಗ, ಇದ ಯಾವಾಗ ಮುಗೀತದೋ ಅಂತ. ಮುಗಿಯೂದಂದ್ರ ಏನರಿ? ಆಕಿ ಸಾಯೂದ ಅಲ್ಲ? ನನ್ನ ತಲಿಯಾಗ ಪೆಟಿಗಿ ಇರಲಿಲ್ಲ, ಯಾರಿಗೂ ಕೇಳಸಲಿಲ್ಲ. ಅಷ್ಟ ವ್ಯತ್ಯಾಸ.’

ಆ ಶನಿವಾರ ಅವಳು ಬೆಟಗೇರಿಗೆ ಬಂದಳು. ನರ್ಸಮ್ಮನನ್ನು ಹೊರಗೆ ಕಳಿಸಿ, ಮೊದಲಿನಂತೆ ಬಿಸಿನೀರು ಕಾಸಿ, ಅಕ್ಕನ ಮೈ ಒರೆಸಿದಳು. ಒರೆಸುತ್ತ, ಕೊಪ್ಪಳದಲ್ಲಿ ಹೇಳಿದ ಮಾತನ್ನು ಅಕ್ಕನ ಮುಂದೆಯೂ ಹೇಳಿದಳು. ಮಾತು ಮುಗಿಸಿ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು. ಹಸಿರು ದೀಪ ಮಿಣುಕುತ್ತಿತ್ತು.

‘ನೀರ ಆರ್ಯಾವು’ ಎಂದಳು ಇಂದುಮತಿ ಕೊನೆಗೆ.

‘ಹೌದವಾ, ತಡಿ’ ಎಂದು ಕಸ್ತೂರಿ ಇನ್ನೊಂದು ಚರಿಗೆ ಬಿಸಿನೀರು ಬೆರೆಸಿದಳು.

ಅವಳು ಮತ್ತೆ ಆ ಮನೆಯಲ್ಲಿ ಇರಲು ಬರಲಿಲ್ಲ. ಕೊಪ್ಪಳದ ಅಂಗಡಿ ನಡೆಸುತ್ತ, ವಾರಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು. ಕೆಲವು ಮಾತುಗಳು ಹೇಗೆ ಹೊರಬಿದ್ದರೂ ಮನೆಯಲ್ಲಿ ತಮ್ಮ ಜಾಗ ಹಿಡಿದೇ ಹಿಡಿಯುತ್ತವೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡುವುದನ್ನು ಮೌನೇಶ ಬಿಟ್ಟುಬಿಟ್ಟಿದ್ದ.

ಅನಸೂಯಾ ಹನ್ನೊಂದೂ ಮನೆಗಳಿಗೆ ಹೋಗಿಬಂದಳು. ಒಂದು ಮನೆಯಲ್ಲಿ ಅವಳನ್ನು ಹೊಸ್ತಿಲಿಂದಲೇ ಕಳಿಸಿದರು. ಇನ್ನೊಂದರಲ್ಲಿ ಮಗನೊಬ್ಬ, ಮೂರು ತಿಂಗಳಿಂದ ತಾನು ಮಾತು ಬಿಟ್ಟಿದ್ದ ತಂದೆಯ ಕಾಲು ಹಿಡಿದು ಕೂತುಬಿಟ್ಟ. ಅವಳು ಕೊನೆಗೆ ಉಳಿಸಿಕೊಂಡಿದ್ದು ಬೈಲಹೊಂಗಲದ ಮನೆಯನ್ನು. ಅಡಿವೆಪ್ಪ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ. ಸಾಯುವ ಮುಂಚಿನ ದಿನ ಅವನ ಪೆಟ್ಟಿಗೆ, ‘ಗೌರಿ ಇರಲಿಕ್ಕಂದ್ರ ನಾ ಎಂದೋ ಹೋಗಿರ್ತಿದ್ದೆ’ ಎಂದಿತ್ತು. ಗೌರವ್ವ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನ ಸಂಖ್ಯೆ ನಾಲ್ಕು. ಹೇಳದೆ ಬಿಡಬಹುದಿತ್ತು. ಹತ್ತು ಮನೆಗೆ ಹೇಳಿ ಒಂದನ್ನು ಬಿಟ್ಟರೆ ಅದು ಇನ್ನೊಂದು ಅಡಿಗೆರೆಯಾಗುತ್ತದೆ ಎಂದು ಅನಸೂಯಾ ಹೋಗಿ, ನೆಲ ನೋಡುತ್ತ ಹೇಳಿದಳು.

ಗೌರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಅಂದ್ರ ನನಗ ಕೇಳಸಲಿ ಅಂತ ಅಂದಿಲ್ಲ ಅಂವಾ’ ಎಂದಳು. ‘ಮೂವತ್ತ ವರ್ಸ ಸಂಸಾರ ಮಾಡಿದ್ರೂ ಒಂದಿನಾ ಹಂಗ ಅಂದಾಂವಲ್ಲ. ಒಳಗ ಇಟಗೊಂಡಿದ್ದ. ನಿನ್ನ ಯಂತ್ರಾ ಕದ್ದು ತಂದ ಕೊಟ್ಟೈತಿ. ಕುಂದರ, ಊಟಾ ಮಾಡಿ ಹೋಗ.’

ಮಳೆಗಾಲ ಮುಗಿಯುವ ಹೊತ್ತಿಗೆ ಮೌನೇಶ ತನ್ನ ಸಣ್ಣ ಪೀಠವನ್ನು ಒಳಗಿನ ಕೋಣೆಗೆ ತಂದುಕೊಂಡಿದ್ದ. ಬೆಂಕಿಯ ಕೆಲಸ ಹೊರಗೆ, ಉಜ್ಜುವ ತಿದ್ದುವ ಕೆಲಸ ಇಂದುಮತಿಯ ಮಂಚದ ಬಳಿ. ಒಂದು ಮಧ್ಯಾಹ್ನ ಅವನು ಅರದಿಂದ ಕಾಲುಂಗುರದ ಅಂಚು ಉಜ್ಜುತ್ತ ತಲೆ ಎತ್ತಿದಾಗ ಅವಳು ಅವನನ್ನೇ ನೋಡುತ್ತಿದ್ದಳು. ಕಣ್ಣಿನ ಸುತ್ತ ಏನೋ ಒಂದು ಸಡಗರ ಇತ್ತು. ಹಸಿರು ದೀಪ ಬಿಡುವಿಲ್ಲದೆ ಮಿಣುಕುತ್ತಿತ್ತು.

‘ಏನ ವಿಚಾರ ಮಾಡಾಕತ್ತಿ?’ ಎಂದ.

ದೀಪ ಇನ್ನೂ ಸ್ವಲ್ಪ ಹೊತ್ತು ಮಿಣುಕಿತು.

‘ಹೇಳಂಗಿಲ್ಲ’ ಎಂದಳು ಇಂದುಮತಿ.

ಮೌನೇಶ ಅರವನ್ನು ಕೆಳಗಿಟ್ಟು ಹೆಂಡತಿಯ ಮುಖವನ್ನು ನೋಡುತ್ತ ಕೂತ. ಅವನ ಕಣ್ಣು ತುಂಬಿ ಬಂತು.

‘ಆತು ಬಿಡು’ ಎಂದ. ‘ನಾ ಕೇಳಂಗಿಲ್ಲ.’